ಸಹಾಯ ಬೇಕು: ನಗಿಸ್ತಾ ಹೆದರಿಸೋ ತೋಳಮಾನವನ ಸಿನಿಮಾ ಹೇಳಿ

ನಮಸ್ಕಾರ ಎಲ್ರಿಗೂ, ನಾವು ಮಡಿಕೇರಿ ಹತ್ರ ಇರೋದು. ಕಕ್ಕಡ 18ಕ್ಕೆ (ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18ನೇ ದಿನ) ಕಸಿನ್ಸ್ ಎಲ್ಲಾ ಮನೆಗೆ ಬರ್ತಾರೆ, ಮದ್ದುಸೊಪ್ಪಿನ ಪಾಯಸ ಕುಡ್ದು ರಾತ್ರಿ ಒಟ್ಟಿಗೆ ಸಿನಿಮಾ ನೋಡೋದು ಅಂತ ಆಗಿದೆ, ಹೊರಗೆ ಜಡಿಮಳೆ, ತೋಟದ ಕಡೆಯಿಂದ ನಾಯಿ ಊಳಿಡ್ತಾ ಇರುತ್ತೆ, ಇದಕ್ಕೆ ತೋಳಮಾನವನ ಸಿನಿಮಾನೇ ಸರಿ.

ನನ್ನ ಫೇವರಿಟ್ 1981ರ 'ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್'. ಹುಡುಗ ತೋಳ ಆಗೋದನ್ನ ಕತ್ತಲಲ್ಲಿ ಮುಚ್ಚಿಟ್ಟಿಲ್ಲ, ಲೈಟ್ ಇರೋ ರೂಮಲ್ಲೇ ಅಂಗೈ ಎಳ್ಕೊಂಡು ಎಳ್ಕೊಂಡು ಉದ್ದ ಆಗುತ್ತೆ, ಗ್ರಾಫಿಕ್ಸ್ ಅಲ್ಲ, ರಿಕ್ ಬೇಕರ್ ಮೇಕಪ್ಪು, ಅದಕ್ಕೆ ಆಸ್ಕರ್ ಬಂತು. ಸತ್ತ ಫ್ರೆಂಡು ಹರಿದ ಮುಖದಲ್ಲೇ ಬಂದು ಆರಾಮಾಗಿ ಹರಟ್ತಾನೆ. ನಕ್ಕು ಮೈ ಸಡಿಲ ಬಿಟ್ಟಿರ್ತೀವಲ್ಲ, ಆಗ ಬರೋ ಹೆದ್ರಿಕೆ ಜೋರು, ನಂಗೆ ಇಷ್ಟ ಆಗೋದೇ ಅದು.

ಆದ್ರೆ 10-12 ವರ್ಷದ ಮಕ್ಕಳೂ ಇರ್ತಾರೆ, ಇದನ್ನ ತೋರ್ಸೋಕಾಗಲ್ಲ. 2022ರ ಹಿಂದಿ 'ಭೇಡಿಯಾ' ಎಲ್ರೂ ನೋಡಾಗಿದೆ. ರಕ್ತ ಕಮ್ಮಿ ನಗು ಜಾಸ್ತಿ ಇರೋದು ಯಾವ್ದಿದೆ ಹೇಳಿ ಪ್ಲೀಸ್. ಕನ್ನಡ ಡಬ್ ಇದ್ರೆ ಅಜ್ಜಿನೂ ಕೂರ್ತಾರೆ. ಮೊದ್ಲೇ ಡೌನ್‌ಲೋಡ್ ಮಾಡ್ಕೊಳೋ ಹಾಗಿರ್ಬೇಕು, ಈ ಮಳೇಲಿ ನೆಟ್ ನಂಬೋ ಹಾಗಿಲ್ಲ.