ಹಳೆಯ ರೆಮಿಂಗ್ಟನ್ 1100ಕ್ಕೆ 600 ಡಾಲರ್ ಕೊಡಬಹುದೇ?

ತುಂಗಾತೀರ
ಒಹಾಯೊದಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಟ್ರ್ಯಾಪ್ ಶೂಟಿಂಗ್‌ಗೆ (ಯಂತ್ರ ಎಸೆಯುವ ಮಣ್ಣಿನ ಬಿಲ್ಲೆಗೆ ಹೊಡೆಯುವ ಆಟ) ಸೆಕೆಂಡ್ ಹ್ಯಾಂಡ್ ಸೆಮಿ ಆಟೋಮ್ಯಾಟಿಕ್ ಕೋವಿ ಹುಡುಕುತ್ತಿದ್ದೇನೆ. ಅಂಗಡಿಯೊಂದರಲ್ಲಿ 12 ಗೇಜ್‌ನ (ಗೇಜ್ ಅಂದರೆ ನಳಿಗೆಯ ಒಳಗಲದ ಅಳತೆ) ರೆಮಿಂಗ್ಟನ್ 1100 ಇದೆ, 600 ಡಾಲರ್ ಹೇಳುತ್ತಿದ್ದಾರೆ. ಸೀರಿಯಲ್ ನಂಬರಿನ ಕೊನೆಗೆ 'ವಿ' ಇದೆ. ಬ್ಯಾರೆಲ್ 30 ಇಂಚು, 'ಫುಲ್' ಅಂತ ಒತ್ತಿದ್ದಾರೆ. ಬ್ಯಾರೆಲ್ಲಿನ ಎಡಬದಿಯಲ್ಲಿ ಪುಟ್ಟ ಅಕ್ಷರಗಳಿವೆ, ಮೊದಲನೆಯದು 'ಕೆ'. ಮರ ಹೊಸದರ ಹಾಗೆ ಹೊಳೆಯುತ್ತಿದೆ. ಹಳೆಯದು, ಅಪರೂಪದ್ದು ಅನ್ನುತ್ತಾರೆ. ಏನೇನು ನೋಡಬೇಕು?

ಕರಿಮರ
ಹಳೆಯದು ಸರಿ, ಅಪರೂಪ ಅಲ್ಲ. 1100 ಮಾರುಕಟ್ಟೆಗೆ ಬಂದದ್ದು 1963ರಲ್ಲಿ. 40 ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ. ಅಪರೂಪ ಅನ್ನುವ ಮಾತಿಗೆ ಒಂದು ಡಾಲರೂ ಹೆಚ್ಚು ಕೊಡಬೇಡಿ.

'ವಿ' ಅಂದರೆ 12 ಗೇಜ್, 2¾ ಇಂಚಿನ ತೋಟಾ. 3 ಇಂಚಿನ ತೋಟಾ ಹೊಡೆಯುವ ಮ್ಯಾಗ್ನಂ ಆಗಿದ್ದರೆ 'ಎಂ' ಇರುತ್ತಿತ್ತು. ಇದಕ್ಕೆ 3 ಇಂಚಿನ ತೋಟಾ ಹಾಕಲೇಬಾರದು. ಬ್ಯಾರೆಲ್ ಮೇಲಿನ ಮೊದಲ ಅಕ್ಷರ ತಿಂಗಳು. ಜನವರಿಯಿಂದ ಡಿಸೆಂಬರ್‌ವರೆಗೆ ಕ್ರಮವಾಗಿ ಬಿ, ಎಲ್, ಎ, ಸಿ, ಕೆ, ಪಿ, ಓ, ಡಬ್ಲ್ಯೂ, ಡಿ, ಇ, ಆರ್, ಎಕ್ಸ್. ಹಾಗಾಗಿ ನಿಮ್ಮದು ಮೇ ತಿಂಗಳದ್ದು. ಅದರ ಮುಂದಿನದು ವರ್ಷ. ಪಟ್ಟಿ ಇಟ್ಟುಕೊಂಡು ನೋಡಿ. ಆದರೆ ಅದು ಬ್ಯಾರೆಲ್ಲಿನ ವಯಸ್ಸು, ಕೋವಿಯದಲ್ಲ. ಈ ಮಾದರಿಯಲ್ಲಿ ಬ್ಯಾರೆಲ್ ಬದಲಾಯಿಸುವುದು ಎರಡು ನಿಮಿಷದ ಕೆಲಸ, ಎಷ್ಟೋ ಕೋವಿಗಳಲ್ಲಿ ಬದಲಾಗಿಯೇ ಇರುತ್ತದೆ. ಅದಕ್ಕೇ ಬ್ಯಾರೆಲ್ ಬಿಚ್ಚಿಸಿ, ಕೆಳಗಿನ ಉಂಗುರದೊಳಗೆ ಗ್ಯಾಸ್ ತೂತು (ತೋಟಾದ ಗ್ಯಾಸ್ ಬಂದು ಪಿಸ್ಟನ್ ತಳ್ಳುವ ದಾರಿ) ಎಷ್ಟಿವೆ ಎಣಿಸಿ. 2¾ ಇಂಚಿನ ಬ್ಯಾರೆಲ್‌ಗೆ ಎರಡು, ಮ್ಯಾಗ್ನಂಗೆ ಒಂದು. ಮ್ಯಾಗ್ನಂ ಬ್ಯಾರೆಲ್ ಕೂರಿಸಿದ್ದರೆ ಟ್ರ್ಯಾಪಿನ ಹಗುರ ತೋಟಾಗಳಿಗೆ ಬೋಲ್ಟ್ (ತೋಟಾದ ಹಿಂದೆ ಮುಚ್ಚುವ ಭಾಗ) ಪೂರ್ತಿ ಹಿಂದಕ್ಕೆ ಬರುವುದಿಲ್ಲ.

30 ಇಂಚು ಫುಲ್ ಚೋಕ್ (ಚರೆ ಬೇಗ ಹರಡದಂತೆ ನಳಿಗೆಯ ತುದಿ ಬಿಗಿ ಮಾಡಿರುವುದು) ಟ್ರ್ಯಾಪ್‌ಗೆ ಒಳ್ಳೆಯದೇ. ಹತ್ತಿರದ ಬಿಲ್ಲೆಗೆ ಹೊಡೆಯುವ ಸ್ಕೀಟ್ ಆಟಕ್ಕೆ ಮಾತ್ರ ತೀರಾ ಬಿಗಿ. ಬದಲಾಯಿಸಬಹುದಾದ ರೆಮ್ ಚೋಕ್ ಬಂದದ್ದು 1986ರಲ್ಲಿ. ಇದರಲ್ಲಿ ಅದಿಲ್ಲ, ಇನ್ನೊಂದು ಆಟಕ್ಕೆ ಇನ್ನೊಂದು ಬ್ಯಾರೆಲ್ಲೇ ಬೇಕು.

ಮರದ ಹೊಳಪು ನೋಡಿ ಬೆಲೆ ಕಟ್ಟಬೇಡಿ. ಫೋರ್‌ಎಂಡ್ (ಮುಂದಿನ ಹಿಡಿಯ ಮರ) ತೆಗೆಸಿ ಒಳಗಿನಿಂದ ನೋಡಿ, ಸೀಳು ಬಿಡುವುದು ಅಲ್ಲೇ. ಅದನ್ನು ಹಿಡಿದಿಡುವ ಮ್ಯಾಗಜಿನ್ ಕ್ಯಾಪ್ ಸಡಿಲ ಬಿಟ್ಟು ಹೊಡೆದ ಕೋವಿಗಳಲ್ಲಿ ಇದು ಮಾಮೂಲು. ಆಮೇಲೆ ತೋಟಾ ತುಂಬುವ ಮ್ಯಾಗಜಿನ್ ಟ್ಯೂಬು. ಪಿಸ್ಟನ್ ಓಡಾಡುವ ಜಾಗದಲ್ಲಿ ಉಗುರು ಎಳೆದರೆ ಗುಳಿ ಸಿಗಬಾರದು. ಕರಿ ಒರೆಸಿದರೆ ಹೋಗುತ್ತದೆ, ತುಕ್ಕು ತಿಂದ ಗುಳಿ ಹೋಗುವುದಿಲ್ಲ. ಬೋಲ್ಟನ್ನು ಹಿಂದಕ್ಕೆ ತಳ್ಳುವ ಆಕ್ಷನ್ ಬಾರ್ ತನ್ನ ತೋಳಿಗೆ ಬೆಸೆದ ಜಾಗದಲ್ಲಿ, ರಿಸೀವರ್‌ನ (ಕೋವಿಯ ನಡುವಿನ ಲೋಹದ ಪೆಟ್ಟಿಗೆ) ತೋಟಾ ಹೊರಬೀಳುವ ಕಿಂಡಿಯ ಮೂಲೆಗಳಲ್ಲಿ ಟಾರ್ಚ್ ಬಿಟ್ಟು, ಭೂತಗನ್ನಡಿ ಹಿಡಿದು ಕೂದಲೆಳೆ ಬಿರುಕು ಹುಡುಕಿ. ರಿಸೀವರ್ ಬಿರುಕು ಬಿಟ್ಟಿದ್ದರೆ ಬೆಲೆಯ ಮಾತೇ ಬೇಡ, ಎದ್ದು ಬನ್ನಿ. ರಿಸೀವರ್ ಒಳಗೆ ತೋಟಾ ತಡೆದು ಬಿಡುವ ಶೆಲ್ ಲ್ಯಾಚುಗಳು ಸಡಿಲವಾಗಿದ್ದರೂ ಕಷ್ಟ. ತೋಟಾ ಮ್ಯಾಗಜಿನ್‌ನಿಂದ ಹೊತ್ತಲ್ಲದ ಹೊತ್ತಿಗೆ ಜಾರಿ ಸಿಕ್ಕಿಕೊಳ್ಳುತ್ತದೆ.

ಲೋಹ ಚೊಕ್ಕವಾಗಿದ್ದರೂ ನನ್ನ ಲೆಕ್ಕದಲ್ಲಿ 450–500. ಆನ್‌ಲೈನ್ ಹರಾಜಿನಲ್ಲಿ *ಮುಗಿದ* ವ್ಯಾಪಾರಗಳ ಬೆಲೆ ತೆಗೆದು ಅಂಗಡಿಯವರ ಮುಂದಿಡಿ. ಕೇಳಿದ ಬೆಲೆ ಬೇರೆ, ಕೈಗೆ ಬಂದ ಬೆಲೆ ಬೇರೆ.

ತುಂಗಾತೀರ
ತುಂಬಾ ಉಪಕಾರವಾಯಿತು. ತೂತು ಎರಡಿವೆ, ಬಿರುಕು ಕಾಣಲಿಲ್ಲ. ತಗೊಂಡರೆ ಮೊದಲು ಮಾಡಬೇಕಾದ್ದೇನು?

ಹೇಮಾವತಿ_12
ಮೊದಲು ಓ-ರಿಂಗ್ ಬದಲಾಯಿಸಿ, ಹಳೆಯದು ಹೇಗೇ ಕಾಣಲಿ. ಮ್ಯಾಗಜಿನ್ ಟ್ಯೂಬಿನ ಮೇಲೆ ಕೂರುವ ಆ ರಬ್ಬರ್ ಉಂಗುರ ಸೀಳಿದರೆ ಗ್ಯಾಸ್ ಸೋರಿ, ಖಾಲಿ ಕೋಶ ಕಿಂಡಿಯಲ್ಲೇ ನಿಂತುಬಿಡುತ್ತದೆ. 1100 ಕೆಟ್ಟಿದೆ ಅಂತ ಬರುವ ದೂರುಗಳಲ್ಲಿ ಬಹಳಷ್ಟು ಇದೇ. ಬಿಸಿ ತಡೆಯುವ ವೈಟಾನ್ ರಬ್ಬರಿನದು ಹಾಕಿ, ಇನ್ನೊಂದನ್ನು ಬಿಡಿಯಾಗಿ ಚೀಲದಲ್ಲಿ ಇಟ್ಟುಕೊಳ್ಳಿ. ಕ್ಲೀನಿಂಗ್ ಸಾಲ್ವೆಂಟ್ ಅದಕ್ಕೆ ತಾಗಿಸಬೇಡಿ, ಕೆಲವಕ್ಕೆ ಉಬ್ಬುತ್ತದೆ.

ಬಿಚ್ಚುವ ಮೊದಲು ಚೇಂಬರ್ (ತೋಟಾ ಸಿಡಿಯುವ ಜಾಗ), ಮ್ಯಾಗಜಿನ್ ಎರಡೂ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತಮಾಡಿಕೊಳ್ಳಿ. ಬೋಲ್ಟ್ ಹಿಂದಕ್ಕೆಳೆದು ನಿಲ್ಲಿಸಿ, ಕ್ಯಾಪ್, ಫೋರ್‌ಎಂಡ್, ಬ್ಯಾರೆಲ್ ತೆಗೆಯಿರಿ. ಓ-ರಿಂಗ್ ಮತ್ತು ಎರಡು ಲೋಹದ ಉಂಗುರ ಕಾಣುತ್ತವೆ. ತೆಗೆಯುವ ಮುಂಚೆಯೇ ಫೋನಿನಲ್ಲಿ ಫೋಟೊ ಹೊಡೆದುಕೊಳ್ಳಿ, ಲೋಹದ ಉಂಗುರಗಳ ಇಳಿಜಾರು ಮುಖಗಳು ಒಂದಕ್ಕೊಂದು ಕೂಡಿರಬೇಕು. ಬ್ಯಾರೆಲ್ ಇಲ್ಲದಿರುವಾಗ ಬೋಲ್ಟನ್ನು ಧಡ್ ಅಂತ ಮುಂದೆ ಬಿಡಬೇಡಿ, ರಿಸೀವರ್‌ಗೆ ಏಟು ಬೀಳುತ್ತದೆ. ಬೋಲ್ಟಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಧಾನ ಬಿಡಿ. ಟ್ರಿಗರ್ ಗುಂಪು ಎರಡು ಪಿನ್ ತೆಗೆದರೆ ಹೊರಬರುತ್ತದೆ. ಹೊರಗಿರುವಾಗ ಟ್ರಿಗರ್ ಎಳೆಯಬಾರದು.

ಟ್ಯೂಬಿನ ಕರಿಗೆ 0000 ನಂಬರಿನ ಸ್ಟೀಲ್ ವುಲ್ ಸಾಕು. ಗ್ಯಾಸ್ ತೂತುಗಳಿಗೆ ಪೈಪ್ ಕ್ಲೀನರ್ ಹಾಕಿ, ಡ್ರಿಲ್ ಮಾತ್ರ ಹಾಕಬೇಡಿ. ತೂತು ದೊಡ್ಡದಾದರೆ ಬೋಲ್ಟ್ ಜೋರಾಗಿ ಬಡಿದು, ಕಾಲಕ್ರಮೇಣ ರಿಸೀವರೇ ಬಿರುಕು ಬಿಡುತ್ತದೆ. ಎಣ್ಣೆ ಬಟ್ಟೆಯಲ್ಲಿ ಸವರಿದಷ್ಟೇ ಇರಲಿ. ಹೆಚ್ಚಾದರೆ ಮಸಿ ಕೂಡಿ ಅಂಟಾಗುತ್ತದೆ. 200–300 ತೋಟಾಕ್ಕೊಮ್ಮೆ ಇಷ್ಟು ಮಾಡಿ.

ಎಲ್ಲರೂ ಮರೆಯುವುದು ಭುಜಕ್ಕೆ ಒತ್ತುವ ಹಿಡಿಕಟ್ಟಿನೊಳಗಿನ ಆಕ್ಷನ್ ಸ್ಪ್ರಿಂಗ್, ಬೋಲ್ಟನ್ನು ಮುಂದಕ್ಕೆ ತಳ್ಳುವುದು ಅದೇ. ಹೊರಗೆ ಎಷ್ಟೇ ಉಜ್ಜಿದರೂ, ಆ ಕೊಳವೆಯಲ್ಲಿ ತುಕ್ಕು, ಜಿಡ್ಡು ತುಂಬಿದ್ದರೆ ಬೋಲ್ಟ್ ಸೋಮಾರಿಯಂತೆ ಮುಚ್ಚುತ್ತದೆ. ಮಳೆಯಲ್ಲಿ ಆಡಿದ ಕೋವಿಯಾದರೆ ಖಂಡಿತ ನೋಡಿಸಿ. ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಮೊದಲ ಸಲ ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಕೈಯಲ್ಲಿ ಮಾಡಿಸಿ.

ಕರಿಮರ
ಓದುವ ಉಳಿದವರಿಗೂ ಒಂದು ಮಾತು: ಅಮೆರಿಕದಲ್ಲಿ ಎಚ್-1ಬಿಯಂಥ ವೀಸಾದಲ್ಲಿರುವವರು ಕೋವಿ ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನಿನ ನಿಷೇಧವಿದೆ. ಬೇಟೆ ಲೈಸನ್ಸ್‌ನಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಗ್ರೀನ್ ಕಾರ್ಡಿನವರಿಗೆ ಆ ನಿಷೇಧವಿಲ್ಲ, ಅಂಗಡಿಯಲ್ಲಿ 4473 ಫಾರ್ಮ್ (ಕೋವಿ ಕೊಳ್ಳುವಾಗ ತುಂಬುವ ಫೆಡರಲ್ ಅರ್ಜಿ) ತುಂಬಿ, ಹಿನ್ನೆಲೆ ತಪಾಸಣೆ ಮುಗಿದರಾಯಿತು.

ತುಂಗಾತೀರರೇ, ಕೊಂಡ ದಿನವೇ ಒಂದು ಶೆಲ್ ಕ್ಯಾಚರ್ ತಗೊಳ್ಳಿ. 1100 ಖಾಲಿ ಕೋಶವನ್ನು ಬಲಕ್ಕೆ ಎಸೆಯುತ್ತದೆ, ಟ್ರ್ಯಾಪ್ ಸಾಲಿನಲ್ಲಿ ಅಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಚರೆ 7½ ನಂಬರಿಗಿಂತ ದಪ್ಪ ಬೇಡ (ನಂಬರು ಇಳಿದಂತೆ ಚರೆ ದಪ್ಪ), ಟ್ರ್ಯಾಪಿನಲ್ಲಿ ಅದೇ ಮಿತಿ. ಮೊದಲ ದಿನ 1⅛ ಔನ್ಸಿನ ತೋಟಾದಲ್ಲಿ ಶುರುಮಾಡಿ. ಅದು ಸರಾಗ ಓಡಿದ ಮೇಲೆ 1 ಔನ್ಸಿಗೆ ಇಳಿಯಿರಿ. ಅಲ್ಲಿ ಸಿಕ್ಕಿಕೊಳ್ಳತೊಡಗಿದರೆ ಮತ್ತೆ ಓ-ರಿಂಗ್, ಗ್ಯಾಸ್ ತೂತು, ಹಿಡಿಕಟ್ಟಿನ ಸ್ಪ್ರಿಂಗ್, ಇದೇ ಕ್ರಮದಲ್ಲಿ ನೋಡಿ.