ಅಪ್‌ಡೇಟ್: ಮ್ಯಾಪ್ ನೋಡದೆ ವಿಜಯಪುರದಲ್ಲಿ ಸೈಕಲ್

ಸ್ಟೇಷನ್‌ನಿಂದ ಊರಿನ ಪಶ್ಚಿಮಕ್ಕಿರೋ ಇಬ್ರಾಹಿಂ ರೋಜಾ ಸಮಾಧಿಗೆ ಮೊಬೈಲ್ ನೋಡದೆ ಸೈಕಲ್‌ನಲ್ಲಿ ಹೋಗೋದು ಹೇಗೆ ಅಂತ ಇಲ್ಲಿ ಕೇಳಿದ್ದೆ. ಗೋಳಗುಮ್ಮಟ ಊರಿನ ಪೂರ್ವಕ್ಕಿದೆ, ಅದನ್ನು ಬೆನ್ನಿಗಿಟ್ಟುಕೊಂಡು ಹೋಗಿ ಅಂದಿದ್ರಿ. ಭಾನುವಾರ ಬೆಳಿಗ್ಗೆ ಹೋಗಿ ಬಂದೆ.

ಗಾಂಧಿ ಚೌಕದವರೆಗೆ ಸಲೀಸು. ಆಮೇಲೆ ಸುಮ್ನೆ ಒಂದು ಗಲ್ಲಿಗೆ ನುಗ್ಗಿದೆ ನೋಡಿ, ಅಷ್ಟು ದೊಡ್ಡ ಗುಮ್ಮಟವೂ ಮನೆಗಳ ಹಿಂದೆ ಮಾಯ! ಎರಡು ಸಲ ಅದೇ ಹಿಟ್ಟಿನ ಗಿರಣಿ ಮುಂದೆ ಬಂದು ನಿಂತೆ. ಗಿರಣಿಯಜ್ಜ ಹಿಟ್ಟಿನ ಕೈಯಲ್ಲೇ ತೋರಿಸಿ, "ಉಪ್ಪಲಿ ಬುರುಜು ಕಾಣಸ್ತದಲ್ಲ ತಮ್ಮಾ, ಅದನ್ನ ಹಿಡದು ಹೋಗು" ಅಂದರು. ಸುಮಾರು 80 ಅಡಿಯ ಬುರುಜು, ಹೊರಗಡೆಯೇ ಸುತ್ತು ಮೆಟ್ಟಿಲು. ಹತ್ತಿ ನೋಡಿದ ಮೇಲೆ ದಾರಿ ಪೂರ್ತಿ ಅರ್ಥವಾಯ್ತು.

ವಾಪಸ್ ಬರುವಾಗ ಗುಮ್ಮಟ ಎದುರಿಗೇ, ಆದರೆ ಟಯರ್ ಪಂಕ್ಚರ್. ತಳ್ಳಿಕೊಂಡೇ ಬಂದೆ.