ಚಿತ್ರಕಾರರೇ ಕಟ್ಟಿದ ಕಾಮಿಕ್ಸ್ ಪ್ರಕಾಶನ: ಇಮೇಜ್ ಕಾಮಿಕ್ಸ್‌ನಿಂದ ನಮಗೆ ಒಗ್ಗುವುದೇನು?

ಪ್ರಶ್ನೆ: ಅಂಕೋಲೆಯ ಚಿತ್ರಕಾರ

ಅಂಕೋಲೆ, ಕುಮಟಾ, ಶಿರಸಿ ಕಡೆಯ ನಾವು ನಾಲ್ವರು ಚಿತ್ರಕಾರರು ಸೇರಿ ಕನ್ನಡ ಕಾಮಿಕ್ಸ್ ಪ್ರಕಟಿಸುವ ಪುಟ್ಟ ಸಂಸ್ಥೆಯೊಂದನ್ನು ಆರಂಭಿಸುವ ಆಲೋಚನೆಯಲ್ಲಿದ್ದೇವೆ. ಇದುವರೆಗೆ ನಾವೆಲ್ಲ ಹೊರಗಿನ ಪ್ರಕಾಶಕರಿಗೆ ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ ಚಿತ್ರ ಬರೆದುಕೊಟ್ಟವರು. ಹಣ ಕೈಸೇರಿದ ಮೇಲೆ ಆ ಚಿತ್ರಗಳು ಎಲ್ಲೆಲ್ಲಿ ಮರುಮುದ್ರಣವಾದವು ಎಂದು ವಿಚಾರಿಸುವ ದಾರಿಯೂ ನಮಗಿರಲಿಲ್ಲ. ಅಮೆರಿಕದ ಇಮೇಜ್ ಕಾಮಿಕ್ಸ್ ಅನ್ನು ಚಿತ್ರಕಾರರೇ ಸ್ಥಾಪಿಸಿದರೆಂದು ಓದಿದ್ದೇನೆ. ಅದು ಅಷ್ಟು ಬೇಗ ಮೇಲೆ ಬಂದದ್ದು ಹೇಗೆ, ಅದರಲ್ಲಿ ನಮ್ಮಂಥವರಿಗೆ ಒಗ್ಗುವುದೇನಾದರೂ ಇದೆಯೇ? ಮೊದಲ ಪುಸ್ತಕವನ್ನು ನಮ್ಮ ಕರಾವಳಿಯ ದೇವಸ್ಥಾನಗಳ ಗೋಡೆಗಳಲ್ಲಿರುವ ಕಾವಿ ಚಿತ್ರಗಳ ರೀತಿಯಲ್ಲಿ, ಕೆಂಪು ಮತ್ತು ಬಿಳಿ ಎರಡೇ ಬಣ್ಣದಲ್ಲಿ ತರಬೇಕೆಂಬ ಆಸೆಯಿದೆ.

ಉತ್ತರ: ಕಾರವಾರದ ಓದುಗ

ಇಮೇಜ್‌ನ ಕಥೆ ಅದರ ಸ್ಥಾಪನೆಗಿಂತ ಎರಡು ವರ್ಷ ಹಿಂದೆ ಶುರುವಾಗುತ್ತದೆ. 1990ರಲ್ಲಿ ಟಾಡ್ ಮೆಕ್‌ಫಾರ್ಲೇನ್ ಬರೆದು ಚಿತ್ರಿಸಿದ ಸ್ಪೈಡರ್‌ಮ್ಯಾನ್‌ನ ಹೊಸ ಮಾಲಿಕೆಯ ಮೊದಲ ಸಂಚಿಕೆ ಸುಮಾರು 25 ಲಕ್ಷ ಪ್ರತಿ ಖರ್ಚಾಯಿತು. ಮರುವರ್ಷ ರಾಬ್ ಲೀಫೆಲ್ಡ್ ಅವರ ಎಕ್ಸ್-ಫೋರ್ಸ್ ಸುಮಾರು 50 ಲಕ್ಷ ತಲುಪಿತು, ಜಿಮ್ ಲೀ ಅವರ ಎಕ್ಸ್-ಮೆನ್ 80 ಲಕ್ಷವನ್ನೇ ದಾಟಿತು. ಇಷ್ಟಾದರೂ ಪಾತ್ರಗಳೆಲ್ಲ ಮಾರ್ವೆಲ್ ಕಂಪನಿಯ ಸೊತ್ತಾಗಿಯೇ ಉಳಿದವು. ಸೂಪರ್‌ಮ್ಯಾನ್‌ನ ಹಕ್ಕನ್ನು ಅದರ ಇಬ್ಬರು ಸೃಷ್ಟಿಕರ್ತರು 1938ರಲ್ಲಿ 130 ಡಾಲರಿಗೆ ಬಿಟ್ಟುಕೊಟ್ಟಂದಿನಿಂದಲೂ ಆ ಉದ್ಯಮದ ರೂಢಿಯೇ ಹಾಗಿತ್ತು.

1992ರ ಆರಂಭದಲ್ಲಿ ಈ ಮೂವರೊಂದಿಗೆ ಮಾರ್ಕ್ ಸಿಲ್ವೆಸ್ಟ್ರಿ, ಎರಿಕ್ ಲಾರ್ಸೆನ್, ಜಿಮ್ ವ್ಯಾಲೆಂಟಿನೋ, ವಿಲ್ಸ್ ಪೋರ್ಟೇಶಿಯೋ ಸೇರಿ ಏಳು ಮಂದಿ ಹೊರಬಂದು ಇಮೇಜ್ ಸ್ಥಾಪಿಸಿದರು. ಮೊದಲ ವರ್ಷ ಮುದ್ರಣ ಮತ್ತು ವಿತರಣೆಯ ಗೋಜನ್ನು ಅವರು ಮೈಮೇಲೆ ಎಳೆದುಕೊಳ್ಳಲಿಲ್ಲ; ಮಾಲಿಬು ಎಂಬ ಚಿಕ್ಕ ಪ್ರಕಾಶನಕ್ಕೆ ಅದನ್ನು ವಹಿಸಿ, 1993ರಲ್ಲಿ ಸ್ವತಂತ್ರರಾದರು. ಆ ವೇಳೆಗಾಗಲೇ ಮೆಕ್‌ಫಾರ್ಲೇನ್ ಅವರ ಸ್ಪಾನ್‌ನ ಮೊದಲ ಸಂಚಿಕೆ 17 ಲಕ್ಷ ಪ್ರತಿ ಮಾರಾಟವಾಗಿತ್ತು.

ನೀವು ಗಮನಿಸಬೇಕಾದದ್ದು ಸಂಸ್ಥೆಯ ಒಳರಚನೆಯನ್ನು. ಇಮೇಜ್‌ಗೆ ಸೇರಿದ್ದು ಅದರ ಹೆಸರು ಮತ್ತು ಚಿಹ್ನೆ ಮಾತ್ರ. ಪಾಲುದಾರರು ತಂತಮ್ಮ ಸ್ಟುಡಿಯೋ ನಡೆಸಿಕೊಂಡರು, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಹಾಕುವಂತಿರಲಿಲ್ಲ. ಹೊರಗಿನವರ ಪುಸ್ತಕ ಪ್ರಕಟಿಸಿದಾಗ ಸಂಸ್ಥೆ ನಿಗದಿತ ಶುಲ್ಕವೊಂದನ್ನು ಮುರಿದುಕೊಂಡು, ಮುದ್ರಣದ ವೆಚ್ಚ ಕಳೆದು ಉಳಿದದ್ದನ್ನು ಕರ್ತೃಗಳಿಗೆ ಬಿಡುತ್ತದೆ. 2003ರಲ್ಲಿ ದಿ ವಾಕಿಂಗ್ ಡೆಡ್ ಅಲ್ಲಿ ಆರಂಭವಾದದ್ದೂ, ಅದರ ಲೇಖಕ ರಾಬರ್ಟ್ ಕರ್ಕ್‌ಮನ್ 2008ರಲ್ಲಿ ಸ್ವತಃ ಪಾಲುದಾರರಾದದ್ದೂ ಈ ಏರ್ಪಾಡಿನ ಫಲವೆಂದೇ ನನ್ನ ಎಣಿಕೆ. ನೀವು ನಾಲ್ವರೂ ಒಂದೇ ಪುಸ್ತಕಕ್ಕೆ ಜೋತುಬೀಳುವ ಬದಲು ಒಬ್ಬೊಬ್ಬರು ಒಂದೊಂದು ಪುಸ್ತಕದ ಒಡೆಯರಾಗಿ, ಹೆಸರನ್ನೂ ಮುದ್ರಣದ ವ್ಯವಸ್ಥೆಯನ್ನೂ ಮಾತ್ರ ಹಂಚಿಕೊಳ್ಳಬಹುದು.

ಉತ್ತರ: ಹೊನ್ನಾವರದ ಪುಸ್ತಕ ವ್ಯಾಪಾರಿ

ಕಾರವಾರದವರು ಹೇಳಿದ್ದು ನಿಜ, ಆದರೆ ಅರ್ಧ. ಆ ಏಳು ಮಂದಿ ಹೊರಬರುವ ಮೊದಲೇ ಲಕ್ಷಗಟ್ಟಲೆ ಓದುಗರನ್ನು ಗಳಿಸಿದ್ದರು, ಮತ್ತು ಆ ಓದುಗರನ್ನು ಗಳಿಸಿಕೊಟ್ಟದ್ದು ಅವರು ಬಿಟ್ಟುಬಂದ ಕಂಪನಿಯ ಪಾತ್ರಗಳೇ. ಅಲ್ಲಿಯ ಕಾಮಿಕ್ಸ್ ಅಂಗಡಿಗಳು ತಿಂಗಳುಗಳ ಮುಂಚೆಯೇ ಬೇಡಿಕೆ ಕೊಟ್ಟು ಖರೀದಿಸುತ್ತಿದ್ದವು. ಉಳಿದ ಪ್ರತಿಗಳನ್ನು ಹಿಂದಿರುಗಿಸುವಂತಿರಲಿಲ್ಲ. ಹೀಗಾಗಿ ಓದುಗ ಕೊಂಡರೂ ಬಿಟ್ಟರೂ ಪ್ರಕಾಶಕನ ಹಣಕ್ಕೆ ಮೋಸವಿರಲಿಲ್ಲ, ನಷ್ಟವೆಲ್ಲ ಅಂಗಡಿಯವನ ತಲೆಯ ಮೇಲೆ. ಇಮೇಜ್‌ನ ಪುಸ್ತಕಗಳೋ ಹೇಳಿದ ತಿಂಗಳಿಗೆ ಬರುತ್ತಿರಲಿಲ್ಲ. 1993ರಲ್ಲಿ ವ್ಯಾಲಿಯಂಟ್ ಸಂಸ್ಥೆಯೊಂದಿಗೆ ಕೂಡಿ ತಂದ ಡೆತ್‌ಮೇಟ್‌ನಲ್ಲಿ ಇಮೇಜ್ ಪಾಲಿನ ಸಂಚಿಕೆಗಳು ಎಷ್ಟು ತಡವಾದವೆಂದರೆ, ಅವು ಬರುವ ಹೊತ್ತಿಗೆ ಓದುಗರ ಆಸಕ್ತಿಯೇ ತಣಿದು, ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಪ್ರತಿಗಳು ಉಳಿದವು. ಸ್ಥಾಪಕರ ಒಗ್ಗಟ್ಟೂ ಬಹುಕಾಲ ಬಾಳಲಿಲ್ಲ: 1996ರಲ್ಲಿ ಲೀಫೆಲ್ಡ್ ಹೊರನಡೆದರು, 1998ರಲ್ಲಿ ಜಿಮ್ ಲೀ ತಮ್ಮ ವೈಲ್ಡ್‌ಸ್ಟಾರ್ಮ್ ಸ್ಟುಡಿಯೋವನ್ನು ಡಿಸಿ ಕಂಪನಿಗೆ ಮಾರಿದರು.

ನಮ್ಮಲ್ಲಿ ವ್ಯವಹಾರ ತಿರುವುಮುರುವು. ನಾನು ಪುಸ್ತಕವನ್ನು ಮಾರಾಟವಾದ ಮೇಲೆ ಹಣ ಕೊಡುವ ಕರಾರಿನಲ್ಲಿ ಇಟ್ಟುಕೊಳ್ಳುತ್ತೇನೆ, ಹೋಗದ ಪ್ರತಿಗಳನ್ನು ವಾಪಸು ಕಳಿಸುತ್ತೇನೆ. ಆದ್ದರಿಂದ ಅಂಗಡಿಗಳನ್ನು ನಂಬಿ ಅಚ್ಚು ಹಾಕಿಸಬೇಡಿ. ಮೊದಲೇ ಚಂದಾ ಎತ್ತಿ, ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಹಾಕುವ ಯೋಚನೆ ಮಾಡಿ. ಎಲ್ಲ ಸಂಚಿಕೆಗಳ ಚಿತ್ರ ಮುಗಿಯುವವರೆಗೆ ಮೊದಲನೆಯದನ್ನು ಪ್ರಕಟಿಸದಿದ್ದರೆ ಇನ್ನೂ ಒಳ್ಳೆಯದು.

ಉತ್ತರ: ಶಿರಸಿಯ ವಕೀಲೆ

ಹಕ್ಕಿನ ವಿಷಯಕ್ಕೆ ಸೀಮಿತವಾಗಿ ಬರೆಯುತ್ತೇನೆ. ಹಕ್ಕಿಗಾಗಿ ಕಂಪನಿ ಬಿಟ್ಟುಬಂದ ಮೆಕ್‌ಫಾರ್ಲೇನ್ ಅವರೇ ಮುಂದೆ ಹಕ್ಕಿನ ಮೊಕದ್ದಮೆಯಲ್ಲಿ ಪ್ರತಿವಾದಿಯಾದರು. 1993ರಲ್ಲಿ ಅವರ ಆಹ್ವಾನದ ಮೇರೆಗೆ ನೀಲ್ ಗೈಮನ್ ಸ್ಪಾನ್‌ನ 9ನೆಯ ಸಂಚಿಕೆಯನ್ನು ಬರೆದಾಗ ಇಬ್ಬರ ನಡುವೆ ಇದ್ದದ್ದು ಬಾಯಿಮಾತಿನ ಒಪ್ಪಂದ. ಆ ಸಂಚಿಕೆಯ ಪಾತ್ರಗಳ ಒಡೆತನಕ್ಕಾಗಿ ನಡೆದ ದಾವೆಯಲ್ಲಿ 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಗೈಮನ್ ಅವರೂ ಸಹಒಡೆಯರೆಂಬ ತೀರ್ಪನ್ನು ಎತ್ತಿಹಿಡಿಯಿತು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ ಮೊದಲ ಒಡೆತನ ಸಾಮಾನ್ಯವಾಗಿ ಕರ್ತೃವಿನದು. ಆದರೆ ನೌಕರಿಯ ಭಾಗವಾಗಿ ಮಾಡಿದ ಕೃತಿ, ಮತ್ತು ಹಣ ಕೊಟ್ಟು ಬರೆಸಿದ ವರ್ಣಚಿತ್ರ ಹಾಗೂ ಭಾವಚಿತ್ರ, ವಿರುದ್ಧ ಕರಾರಿಲ್ಲದಿದ್ದರೆ ಬರೆಸಿದವರ ಪಾಲಾಗಬಹುದು. 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಲೇಬೇಕು; ಅವಧಿ ನಮೂದಿಸದಿದ್ದರೆ 5 ವರ್ಷ ಎಂದು, ಪ್ರದೇಶ ನಮೂದಿಸದಿದ್ದರೆ ಭಾರತ ಎಂದು ಭಾವಿಸಲಾಗುತ್ತದೆ. ನಿಮ್ಮ ಹಳೆಯ ಕರಾರುಗಳನ್ನು ತೆಗೆದು ನೋಡಿ, ಕೆಲವು ಹಕ್ಕುಗಳು ನಿಮಗೆ ಮರಳಿರಲೂ ಸಾಕು. ಹೊಸ ಸಂಸ್ಥೆಯಲ್ಲಿ ಕಥೆ ಒಬ್ಬರದು, ಚಿತ್ರ ಇನ್ನೊಬ್ಬರದು ಆಗುವುದಾದರೆ ಪಾತ್ರ ಯಾರದು ಎಂಬುದನ್ನು ಮೊದಲ ಪುಟ ಬರೆಯುವ ಮುನ್ನವೇ ಕಾಗದಕ್ಕಿಳಿಸಿ. ಸ್ನೇಹಿತರ ನಡುವೆ ಇದನ್ನು ಕೇಳುವುದು ಸಂಕೋಚದ ವಿಷಯವೆನಿಸಿದರೂ ಕೇಳಲೇಬೇಕು.

ಉತ್ತರ: ಕುಮಟೆಯ ಮುದ್ರಕ

ಎರಡು ಬಣ್ಣವೆಂದು ಬರೆದಿದ್ದೀರಿ. ಬಿಳಿ ಕಾಗದದ್ದೇ ಆದ್ದರಿಂದ ನಿಮಗೆ ಬೇಕಾದದ್ದು ಕೆಂಪು ಶಾಯಿಯೊಂದೇ. ಬಹುವರ್ಣಕ್ಕೆ ನಾಲ್ಕು ಪ್ಲೇಟು ಬೇಕಾದಲ್ಲಿ ಇದಕ್ಕೆ ಒಂದು ಸಾಕು, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಿಸುವ ರಗಳೆಯೂ ಇಲ್ಲ. ಕಾವಿಯಲ್ಲಿ ಸುಣ್ಣದ ಗಾರೆಯ ಮೇಲೆ ಬಳಿದ ಕೆಂಪು ಪದರವನ್ನು ಹಸಿಯಿರುವಾಗಲೇ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತೆಗೆಯುತ್ತಾರಷ್ಟೆ. ಅಂಥ ಗೆರೆ ಆಫ್‌ಸೆಟ್‌ನಲ್ಲಿ ಸೊಗಸಾಗಿ ಮೂಡುತ್ತದೆ. ಎಚ್ಚರ ಬೇಕಾದದ್ದು ಅಕ್ಷರಗಳಲ್ಲಿ. ಗಾಢ ಕೆಂಪಿನೊಳಗೆ ಸಣ್ಣ ಬಿಳಿ ಅಕ್ಷರ ಬಿಟ್ಟರೆ ಶಾಯಿ ಹರಡಿ ಒತ್ತಕ್ಷರಗಳೂ ಕೊಂಬುಗಳೂ ಮುಚ್ಚಿಹೋಗುತ್ತವೆ, ಹಾಗಾಗಿ ಮಾತುಗಳನ್ನು ಬಿಳಿಯ ಮೇಲೆ ಕೆಂಪಿನಲ್ಲೇ ಇಡಿ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಶಾಯಿ ಬೇಗ ಒಣಗದೆ ಒಂದು ಹಾಳೆಯ ಕೆಂಪು ಮೇಲಿನದರ ಬೆನ್ನಿಗೆ ಹತ್ತುತ್ತದೆ. 16 ಪುಟಗಳ ಎರಡು ಫಾರಂ, ಅಂದರೆ 32 ಪುಟಕ್ಕೆ ಕಥೆಯನ್ನು ಹೊಂದಿಸಿಕೊಂಡು ದೀಪಾವಳಿ ಕಳೆದ ಮೇಲೆ ಬನ್ನಿ.